ಬಂಜಿ ಹರಿದವನಿಗೆ ಮರು ಅವಕಾಶ ಕೊಡಲೇಬೇಕು, ಆದರೆ ಒಬ್ಬನನ್ನೇ ಹಾರಿಸಬಾರದು

ನೀವು ಬರೆದದ್ದನ್ನು ಚಿಕ್ಕದಾಗಿ ಹೇಳುವುದಾದರೆ: ಪುಣೆಯ ಹೊರಗಿನ ಬಯಲಲ್ಲಿ ಅಲ್ಲಿನ ಕನ್ನಡದ ಗೆಳೆಯರು 12 ಜನ ಸೇರಿ ಆರ್‌ಸಿ ಗ್ಲೈಡರ್ (ನೆಲದಲ್ಲಿ ನಿಂತು ರೇಡಿಯೋದಿಂದ ನಡೆಸುವ, ಮೋಟಾರಿಲ್ಲದ ಪುಟ್ಟ ವಿಮಾನ) ಸ್ಪರ್ಧೆ ಇಟ್ಟುಕೊಂಡಿದ್ದಿರಿ. ಬೆಳಿಗ್ಗೆ ಎಂಟೂವರೆಯ ಗ್ರೂಪ್‌ನಲ್ಲಿ ಒಬ್ಬರಿಗೆ ಕ್ಲಬ್ಬಿನ ಬಂಜಿ, ಅಂದರೆ ಗ್ಲೈಡರನ್ನು ಎಳೆದು ಮೇಲಕ್ಕೆ ಏರಿಸುವ ರಬ್ಬರ್ ಟ್ಯೂಬು ಮತ್ತು ದಾರ, ಹರಿಯಿತು. ಹನ್ನೊಂದೂವರೆಗೆ ಅವರೊಬ್ಬರನ್ನೇ ಮತ್ತೆ ಹಾರಿಸಲು ಬಿಟ್ಟರು, ಕೊನೆಗೆ ಅವರೇ ಗೆದ್ದರು. ಗ್ಲೈಡರಿನ ಕೊಕ್ಕೆಯಿಂದ ದಾರದ ಉಂಗುರ ಜಾರಿ 20 ಮೀಟರ್ ಎತ್ತರದಲ್ಲೇ ಕಳಚಿಕೊಂಡ ನಿಮಗೆ ಮಾತ್ರ ಅವಕಾಶ ಸಿಗಲಿಲ್ಲ. ಇದು ನ್ಯಾಯವೇ ಅಂತ ಕೇಳಿದ್ದೀರಿ.

ಅವರಿಗೆ ಅವಕಾಶ ಕೊಟ್ಟದ್ದು ಸರಿ. ಕೊಟ್ಟ ರೀತಿ ತಪ್ಪು. ನಿಮ್ಮ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಎರಡು ಮಾತುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ನಿಮ್ಮ ಗ್ರೂಪ್‌ನ ವರ್ಕಿಂಗ್ ಟೈಮ್, ಅಂದರೆ ಹಾರಿಸಲು ಕೊಟ್ಟ ಸಮಯ, ಓಡುತ್ತಿರುವಾಗಲೇ ಇಳಿದು ಮತ್ತೆ ಹಾರಿಸಿದರೆ ಅದು ರೀಲಾಂಚ್. ಬೇರೆ ಹೊತ್ತಿನಲ್ಲಿ ಹೊಸದಾಗಿ ವರ್ಕಿಂಗ್ ಟೈಮ್ ಕೊಟ್ಟರೆ ಅದು ರೀಫ್ಲೈಟ್. ಜಗಳ ಬಹುಪಾಲು ಹುಟ್ಟುವುದು ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದ.

ರೀಲಾಂಚ್ ಎಷ್ಟು ಸಲ ಬೇಕಾದರೂ ಇರಲಿ, ಯಾರಿಗೂ ಅನ್ಯಾಯವಾಗುವುದಿಲ್ಲ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ ಎಫ್‌ಎಐನ ಎಫ್3ಜೆ (ದಾರದಿಂದ ಏರಿಸುವ ಗ್ಲೈಡರ್‌ಗಳ ವಿಭಾಗ) ನಿಯಮದಲ್ಲೂ 10 ನಿಮಿಷದ ವರ್ಕಿಂಗ್ ಟೈಮ್ ಒಳಗೆ ಪ್ರಯತ್ನಗಳಿಗೆ ಮಿತಿಯಿಲ್ಲ, ಕೊನೆಯ ಹಾರಾಟ ಲೆಕ್ಕಕ್ಕೆ. ಕಳೆದ ಪ್ರತಿ ಸೆಕೆಂಡಿಗೂ ಗಡಿಯಾರವೇ ದಂಡ ಹಾಕುತ್ತದೆ. ಆ ದಂಡ ಎಷ್ಟು ಅಂತ ನೋಡಿ. ಗ್ರೂಪ್‌ನಲ್ಲಿ ಮೊದಲಿಗರು 580 ಸೆಕೆಂಡ್ ಹಾರಿಸಿ ಲ್ಯಾಂಡಿಂಗ್‌ಗೆ 90 ಪಡೆದರೆ ಒಟ್ಟು 670. ಮೊದಲಿಗರ ಆ ಮೊತ್ತವನ್ನೇ 1000 ಅಂಕ ಅಂತ ಇಟ್ಟು, ಉಳಿದವರಿಗೆ ಅದೇ ಪ್ರಮಾಣದಲ್ಲಿ ಅಂಕ. ಇನ್ನೊಬ್ಬರಿಗೆ ಬಂಜಿ ಹರಿದು, ಬೇರೆ ದಾರ ಹಾಕಿ ಮತ್ತೆ ಏರಿಸುವಷ್ಟರಲ್ಲಿ ಒಂದೂವರೆ ನಿಮಿಷ ಹೋಯಿತು ಅನ್ನಿ. ಉಳಿದ 510 ಸೆಕೆಂಡಿನಲ್ಲಿ 500 ಹಾರಿಸಿ, ಲ್ಯಾಂಡಿಂಗ್‌ನಲ್ಲೂ 90 ತೆಗೆದರೆ 590, ಅಂದರೆ 881 ಅಂಕ. ಹಾರಾಟದಲ್ಲಿ ಒಂದು ತಪ್ಪೂ ಮಾಡದೆ 119 ಅಂಕ ಕಳೆದುಕೊಂಡರು. ಹರಿದದ್ದು ಅವರ ಸ್ವಂತ ಸಾಮಾನಾದರೆ ಅದು ಅವರ ಪಾಲಿನದು. ಕ್ಲಬ್ಬಿನ ರಬ್ಬರ್ ಆದರೆ ಆ 119 ಅಂಕ ಕ್ಲಬ್ಬಿನ ಸಾಲ. ರೀಫ್ಲೈಟ್ ಇರುವುದೇ ಆ ಸಾಲ ತೀರಿಸಲು.

ತೀರಿಸುವುದು ಹೇಗೆ ಅನ್ನುವಲ್ಲಿ ನಿಮ್ಮ ಸ್ಪರ್ಧೆ ಎಡವಿತು. ಪುಣೆಯ ಚಳಿಗಾಲದ ಬೆಳಗಿನಲ್ಲಿ ನೆಲ ಇನ್ನೂ ತಣ್ಣಗಿರುತ್ತದೆ, ಗಾಳಿ ಅಲುಗುವುದಿಲ್ಲ. 100 ಮೀಟರ್ ಎತ್ತರದಿಂದ ಸೆಕೆಂಡಿಗೆ ಅರ್ಧ ಮೀಟರ್ ಇಳಿಯುವ ಗ್ಲೈಡರ್ 200 ಸೆಕೆಂಡಿಗೆ ನೆಲ ಮುಟ್ಟುತ್ತದೆ, ಪೈಲಟ್ ಎಷ್ಟೇ ಜಾಣನಿರಲಿ. ಹನ್ನೊಂದರ ಮೇಲೆ ಉತ್ತ ಕಪ್ಪು ಮಣ್ಣು ಕಾದು ಥರ್ಮಲ್ (ಮೇಲೇರುವ ಬಿಸಿ ಗಾಳಿ) ಏಳುತ್ತದೆ. ಮರಾಠಿಯವರು ಘಾರ್ ಅನ್ನುವ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿರುತ್ತವೆ. ಅವುಗಳ ಪಕ್ಕಕ್ಕೆ ಹೋಗಿ ಗ್ಲೈಡರ್ ಸುತ್ತಿಸಿದರೆ ಹತ್ತು ನಿಮಿಷ ಸಲೀಸು. ಮುಂಬೈ, ಗೋವಾದ ಕರಾವಳಿಯಲ್ಲಿ ಇದೇ ತಿರುವುಮುರುವು: ಮಧ್ಯಾಹ್ನ ಸಮುದ್ರದ ಗಾಳಿ ಒಳಗೆ ಬಂದರೆ ಥರ್ಮಲ್ ಅಡಗುತ್ತದೆ, ತಡವಾಗಿ ಕೊಟ್ಟ ರೀಫ್ಲೈಟ್ ಶಿಕ್ಷೆಯೇ ಆಗುತ್ತದೆ. ಹಾಗಾಗಿ ಒಂದು ಹೊತ್ತಿನ ಸೆಕೆಂಡುಗಳನ್ನು ಇನ್ನೊಂದು ಹೊತ್ತಿನ ಸೆಕೆಂಡುಗಳ ಜೊತೆ ತೂಗುವಂತಿಲ್ಲ. ಗ್ರೂಪ್ ಮಾಡಿ 1000ಕ್ಕೆ ಇಳಿಸುವ ಪದ್ಧತಿ ಇರುವುದೇ ಇದಕ್ಕಾಗಿ. ಒಬ್ಬನೇ ಹಾರಿಸಿದರೆ ಆ ಪದ್ಧತಿಯೇ ಮುರಿಯುತ್ತದೆ. ಅವನ ಗ್ರೂಪ್‌ಗೆ ಅವನೇ ಮೊದಲಿಗ, ಮೂರು ನಿಮಿಷ ಹಾರಿಸಿದರೂ 1000. ಬೆಳಗಿನ ಗ್ರೂಪ್‌ಗೆ ಸೇರಿಸಿ ಲೆಕ್ಕ ಹಾಕಿದರೂ ಉದ್ಧಾರವಿಲ್ಲ, ಉಳಿದವರೆಲ್ಲ ಧಡಕ್ಕನೆ ಕೆಳಗಿಳಿಯುತ್ತಾರೆ.

ಎಫ್3ಜೆಯಲ್ಲಿ ಇದಕ್ಕೆ ಕ್ರಮವಿದೆ. ಮುಂದಿನ ಯಾವುದಾದರೂ ಗ್ರೂಪ್‌ನಲ್ಲಿ ಜಾಗ ಖಾಲಿ ಇದ್ದರೆ ಅಲ್ಲಿ ಸೇರಿಸಬೇಕು. ಇಲ್ಲದಿದ್ದರೆ ರೀಫ್ಲೈಟ್ ಸಿಕ್ಕವರನ್ನೆಲ್ಲ ಒಂದು ಹೊಸ ಗ್ರೂಪ್ ಮಾಡಿ, ಕಡಿಮೆ ಬಿದ್ದರೆ ಚೀಟಿ ಎತ್ತಿ ಬೇರೆಯವರನ್ನು ತುಂಬಿಸಬೇಕು. ಅದೂ ಆಗದಿದ್ದರೆ ರೌಂಡಿನ ಕೊನೆಯಲ್ಲಿ ಮೂಲ ಗ್ರೂಪ್ ಪೂರ್ತಿ ಮತ್ತೆ ಹಾರಿಸಬೇಕು. ರೀಫ್ಲೈಟ್ ಸಿಕ್ಕವರಿಗೆ ಹೊಸ ಅಂಕವೇ ಅಂತಿಮ, ಹಳೆಯದಕ್ಕಿಂತ ಕಮ್ಮಿ ಬಂದರೂ. ಜೊತೆಗೆ ಬಂದವರಿಗೆ ಎರಡರಲ್ಲಿ ಹೆಚ್ಚಿನದು.

ಈ ಕೊನೆಯ ಮಾತಿಗೆ ತುಂಬ ಜನ ಕೊಸರಾಡುತ್ತಾರೆ: ಚೀಟಿಯಲ್ಲಿ ಹೆಸರು ಬಂದವನಿಗೆ ಬಿಟ್ಟಿ ಅವಕಾಶ ಯಾಕೆ ಅಂತ. ಅವರ ಅಂಕ ಲೆಕ್ಕಕ್ಕೇ ಬೇಡ, ಸುಮ್ಮನೆ ಜೊತೆಗೆ ಹಾರಿಸಲಿ ಅನ್ನುವ ಸಲಹೆಯೂ ಬರುತ್ತದೆ. ಅದು ಕೆಲಸ ಮಾಡುವುದಿಲ್ಲ. ತನಗೇನೂ ಸಿಗದ ಹಾರಾಟದಲ್ಲಿ ಯಾರೂ ಮನಸ್ಸಿಟ್ಟು ಥರ್ಮಲ್ ಹುಡುಕುವುದಿಲ್ಲ, ರೀಫ್ಲೈಟ್‌ನವನಿಗೆ 1000 ಅಂಕ ಅಗ್ಗವಾಗಿ ಬಿಡುತ್ತದೆ. ಹೆಚ್ಚಿನದು ಉಳಿಯುತ್ತದೆ ಅಂದಾಗ ಮಾತ್ರ ಜೊತೆಗಾರ ಜೀವ ತೇಯ್ದು ಹಾರಿಸುತ್ತಾನೆ. 12 ಜನರ ಸ್ಪರ್ಧೆಯಲ್ಲಿ ಆ ಬಿಟ್ಟಿ ಅವಕಾಶ ಎದ್ದು ಕಾಣುತ್ತದೆ ನಿಜ. ಅದಕ್ಕೇ ನಾನು ಚೀಟಿಗಿಂತ ಮೂಲ ಗ್ರೂಪ್ಪನ್ನೇ ಮತ್ತೆ ಹಾರಿಸುವುದನ್ನು ಮೆಚ್ಚುತ್ತೇನೆ. ನಾಲ್ಕು ಜನರ ಗ್ರೂಪ್ ಆದರೆ ಹಿಡಿಯುವುದು ಹದಿನೈದು ನಿಮಿಷ.

ಇನ್ನು ನಿಮ್ಮ ಉಂಗುರದ ವಿಷಯ. ಕೊಕ್ಕೆ ನಿಮ್ಮ ಗ್ಲೈಡರಿನದು, ಅದನ್ನು ಕೂರಿಸಿದವರು ನೀವು. ರೀಫ್ಲೈಟ್ ಇಲ್ಲ ಅಂದದ್ದು ಸರಿಯೇ. ಸಾಮಾನ್ಯವಾಗಿ ಕೊಕ್ಕೆ ಸಿ.ಜಿ.ಗಿಂತ (ಗ್ಲೈಡರಿನ ಭಾರ ಸಮತೂಗುವ ಜಾಗಕ್ಕಿಂತ) ಸುಮಾರು 10 ಮಿಲಿಮೀಟರ್ ಮುಂದಿರುತ್ತದೆ. ಇನ್ನೂ ಮುಂದಕ್ಕೆ ಹೋದರೆ ಗ್ಲೈಡರ್ ಮೂತಿ ಎತ್ತದೆ ಚಪ್ಪಟೆಯಾಗಿ ಓಡುತ್ತದೆ, ದಾರ ಸಡಿಲವಾಗಿ ಉಂಗುರ ಕಳಚಿಕೊಳ್ಳುತ್ತದೆ. ತೀರಾ ಹಿಂದೆ ಬಂದರೆ ಪಕ್ಕಕ್ಕೆ ಎಳೆದು ತಿರುಗುತ್ತದೆ. ಎರಡು ಮಿಲಿಮೀಟರ್‌ನಂತೆ ಹಿಂದಕ್ಕೆ ಸರಿಸುತ್ತಾ ನೋಡಿ.

ಆದರೆ ರೀಲಾಂಚ್ ನಿಮಗೆ ಸಿಗಬೇಕಿತ್ತು. 30 ಸೆಕೆಂಡಿನೊಳಗೆ ಇಳಿದರೆ ಮಾತ್ರ ಮತ್ತೆ ಹಾರಿಸಬಹುದು ಅನ್ನುವ ನಿಯಮ ಇಟ್ಟುಕೊಂಡಿದ್ದೀರಿ ಅಂದಿರಿ. ಈ ನಿಯಮ ನನಗೆ ಸರಿಬರುವುದಿಲ್ಲ. 20 ಮೀಟರ್‌ನಲ್ಲಿ ಕಳಚಿದ ಗ್ಲೈಡರ್ ತಾನಾಗಿ ಇಳಿಯಲು 40 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಒಳ್ಳೆಯ ಗ್ಲೈಡರ್ ಇರುವವನು ಅದನ್ನು ಬೇಕಂತಲೇ ನೆಲಕ್ಕೆ ಒತ್ತಬೇಕು, ಇಲ್ಲವಾದರೆ ಅವಕಾಶ ಹೋಯಿತು. ಒತ್ತುವಾಗ ರೆಕ್ಕೆ ಮುರಿದುಕೊಂಡರೆ ಅದು ನಿಯಮವೇ ಮುರಿಸಿದ್ದು. ಸೆಕೆಂಡಿನ ಗಡಿ ತೆಗೆದುಹಾಕಿ. ದಾರ ಬಿಟ್ಟ 10 ಸೆಕೆಂಡಿನೊಳಗೆ ಪೈಲಟ್ ಟೈಮ್‌ಕೀಪರ್‌ಗೆ ಕೇಳುವಂತೆ ‘ರೀಲಾಂಚ್’ ಅಂತ ಕೂಗಬೇಕು, ಕೂಗಿದ ಮೇಲೆ ಮಾತು ಬದಲಿಸುವಂತಿಲ್ಲ ಅಂತ ಬರೆದುಕೊಳ್ಳಿ. ಥರ್ಮಲ್ ಸಿಗುತ್ತದಾ ನೋಡಿ ಆಮೇಲೆ ಹೇಳುತ್ತೇನೆ ಅನ್ನುವ ಹೊಂಚಿಗೆ ಆಗ ಜಾಗವಿರುವುದಿಲ್ಲ.

ಎಫ್3ಜೆಯಲ್ಲಿ ರೀಫ್ಲೈಟ್ ಕೇಳುವವರಿಗೂ ಹೀಗೇ ಒಂದು ಕಟ್ಟುಪಾಡು ಇದೆ, ತಿಳಿಯದೆ ಹಕ್ಕು ಕಳೆದುಕೊಳ್ಳುವವರು ಬಹಳ. ಆಕಾಶದಲ್ಲಿ ಡಿಕ್ಕಿಯಾಯಿತು ಅಥವಾ ಬೇರೆಯವರ ದಾರ ಅಡ್ಡ ಬಂತು ಅನ್ನಿ. ಟೈಮ್‌ಕೀಪರ್ ಅದನ್ನು ನೋಡಿದ್ದಾರೆ ಅಂತ ಖಾತ್ರಿ ಮಾಡಿಕೊಂಡು ಆದಷ್ಟು ಬೇಗ ಇಳಿಸಬೇಕು. ಅಡ್ಡಿ ಸರಿದ ಮೇಲೆ ಮತ್ತೆ ಹಾರಿಸಿದಿರೋ, ಹೊಸ ವರ್ಕಿಂಗ್ ಟೈಮ್ ಬಿಟ್ಟುಕೊಟ್ಟ ಹಾಗೆ. ಕೈಯಲ್ಲಿ ಎಸೆಯುವ ಎಫ್3ಕೆಯಲ್ಲಂತೂ ಡಿಕ್ಕಿಗೆ ರೀಫ್ಲೈಟೇ ಇಲ್ಲ, ದಂಡವೂ ಇಲ್ಲ. ಅಲ್ಲಿ ಮತ್ತೆ ಎಸೆಯಲು ಕೆಲವೇ ಸೆಕೆಂಡ್ ಸಾಕು. ಮೋಟಾರಿನ ಎಫ್5ಜೆಯಲ್ಲಿ ದಾರದ ತಕರಾರೇ ಇಲ್ಲ. ಮೋಟಾರ್ ಮತ್ತೆ ಹಾಕಿದರೆ ಆ ಹಾರಾಟಕ್ಕೆ ಸೊನ್ನೆ.

ಮುಂದಿನ ಸಲ ಬಂಜಿಯಲ್ಲೇ ಇಡುವುದಾದರೆ ಹರಿಯದ ಹಾಗೆ ನೋಡಿಕೊಳ್ಳುವುದು ಅರ್ಧ ಕೆಲಸ. 30 ಮೀಟರ್ ಲೇಟೆಕ್ಸ್ ಟ್ಯೂಬು, 120 ಮೀಟರ್ ನೈಲಾನ್ ದಾರ ಇರುವ ಸೆಟ್ ಆದರೆ ಮೊದಲು ಕೈಕೊಡುವುದು ಟ್ಯೂಬಿನ ಎರಡು ತುದಿಯ ಕಟ್ಟುಗಳು. ಬೆಳಿಗ್ಗೆ ಟ್ಯೂಬನ್ನು ಬೆರಳ ಮಧ್ಯೆ ಎಳೆದು, ಬಾಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಅಲ್ಲಿ ಕತ್ತರಿಸಿ ಮತ್ತೆ ಜೋಡಿಸಿ. ರೌಂಡಿನ ಮಧ್ಯೆ ಬಿಸಿಲಲ್ಲಿ ಬಿಡದೆ ಗೋಣಿಚೀಲ ಮುಚ್ಚಿಡಿ. ಎಳೆತವನ್ನು ಹೆಜ್ಜೆ ಎಣಿಸಿ ಅಳೆಯಬೇಡಿ, ಬಿಸಿಲಿಗೆ ರಬ್ಬರಿನ ಬಿಗಿ ಬದಲಾಗುತ್ತದೆ. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಒಂದು ಕೆ.ಜಿ. ಗ್ಲೈಡರಿಗೆ 4 ಕೆ.ಜಿ. ಎಳೆತ ಅಂತ ಎಲ್ಲರಿಗೂ ಒಂದೇ ಲೆಕ್ಕ ಇಡಿ. ಗ್ರೂಪ್‌ನಲ್ಲಿ ನಾಲ್ಕು ಜನ ಇದ್ದರೆ ಐದನೆಯ ಬಂಜಿಯನ್ನೂ ನೆಲಕ್ಕೆ ಹಾಸಿಟ್ಟಿರಿ. ಹರಿದವರು ಅದಕ್ಕೆ ಓಡಿಹೋಗಿ ಏರಿಸಬೇಕೋ, ರೀಫ್ಲೈಟ್‌ಗೆ ಕಾಯಬೇಕೋ ಅನ್ನುವುದನ್ನು ಆ ಕ್ಷಣವೇ ಅವರು ಹೇಳಲಿ, ಟೈಮ್‌ಕೀಪರ್ ಚೀಟಿಯಲ್ಲಿ ಗಂಟೆ ನಿಮಿಷ ಸಮೇತ ಬರೆದುಕೊಳ್ಳಲಿ.