ಗೋಡೆಗೆ ಒರಗಿ ನಿಂತರೆ ಕಾಲು ಕಲಿಯುವುದಿಲ್ಲ

ಆಯ ತಪ್ಪುವುದು, ತಲೆಸುತ್ತು, ಮತ್ತೆ ಮತ್ತೆ ಉಳುಕುವ ಕಾಲು: ಓದುಗರ ನಾಲ್ಕು ಪ್ರಶ್ನೆಗಳಿಗೆ ಫಿಸಿಯೋಥೆರಪಿ ತಜ್ಞರ ಉತ್ತರ.

ಪ್ರಶ್ನೆ: ನನ್ನ ತಂದೆಗೆ 72 ವರ್ಷ. ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯುತ್ತಾರೆ. ಆದರೂ ಆರು ತಿಂಗಳಲ್ಲಿ ಎರಡು ಸಲ ಮನೆಯೊಳಗೇ ಬಿದ್ದಿದ್ದಾರೆ. ಎರಡು ಸಲವೂ ಯಾರೋ ಕರೆದರೆಂದು ಹಿಂದಕ್ಕೆ ತಿರುಗುವಾಗ. ಇಷ್ಟು ನಡೆದರೂ ಯಾಕೆ ಹೀಗೆ?

ಉತ್ತರ: ನಡಿಗೆ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು, ಅದನ್ನು ಬಿಡಿಸಬೇಡಿ. ಆದರೆ ಸಮತಟ್ಟಾದ ದಾರಿಯಲ್ಲಿ ನೇರ ನಡೆಯುವವರಿಗೆ ಆಯ ತಪ್ಪುವ ಸಂದರ್ಭವೇ ಹೆಚ್ಚು ಬರುವುದಿಲ್ಲ. ಬೀಳುವುದು ಗಕ್ಕನೆ ತಿರುಗುವಾಗ, ಬಗ್ಗಿ ಏಳುವಾಗ, ಪಕ್ಕದ ವಸ್ತುವಿಗೆ ಕೈ ಚಾಚುವಾಗ. ವಾಲಿದ ದೇಹವನ್ನು ಮತ್ತೆ ಸರಿಗೆ ತರುವ ಅಭ್ಯಾಸ ನಿಮ್ಮ ತಂದೆಯ ಕಾಲಿಗೆ ಆ ಒಂದು ಗಂಟೆಯಲ್ಲಿ ಸಿಗುತ್ತಿಲ್ಲ.

ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ 108 ಪ್ರಯೋಗಗಳಲ್ಲಿದ್ದ 23,000ಕ್ಕೂ ಹೆಚ್ಚು ಹಿರಿಯರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ ಶೇ 23ರಷ್ಟು ಕಡಿಮೆಯಾಗಿತ್ತು. ಗಟ್ಟಿಯಾದ ಆಧಾರ ಸಿಕ್ಕಿದ್ದು ಸಮತೋಲನದ ಮತ್ತು ಎದ್ದು ಕೂರುವಂಥ ದಿನಬಳಕೆಯ ಚಲನೆಗಳ ಅಭ್ಯಾಸಕ್ಕೆ. ಬರೀ ನಡಿಗೆಯಿಂದ ಬೀಳುವುದು ತಪ್ಪುತ್ತದೆ ಎನ್ನಲು ಅಂಥ ಆಧಾರ ಸಿಗಲಿಲ್ಲ.

ಮನೆಯಲ್ಲಿ ಶುರು ಮಾಡುವುದು ಹೀಗೆ. ಎರಡು ಗೋಡೆ ಕೂಡುವ ಮೂಲೆಗೆ ಬೆನ್ನು ಮಾಡಿ ನಿಲ್ಲಿಸಿ. ಮುಂದೆ ಅಲುಗಾಡದ ಭಾರದ ಕುರ್ಚಿ ಇರಲಿ, ಅದರ ಬೆನ್ನು ಅವರ ಕಡೆಗಿರಲಿ. ಚಕ್ರದ ಕುರ್ಚಿ, ಪ್ಲಾಸ್ಟಿಕ್ ಕುರ್ಚಿ ಬೇಡ. ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡು ನಿಲ್ಲಬೇಕು. ಅದು ಸಲೀಸಾದರೆ ಒಂದು ಪಾದವನ್ನು ಅರ್ಧ ಪಾದದಷ್ಟು ಮುಂದಿಟ್ಟು ನಿಲ್ಲುವುದು. ಆಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳ ತುದಿಗೆ ತಾಗುವಂತೆ ಒಂದೇ ಗೆರೆಯಲ್ಲಿ ನಿಲ್ಲುವುದು. ಕೊನೆಗೆ ಒಂಟಿ ಕಾಲು. ಒಂದು ಹಂತದಲ್ಲಿ ಮೂರು ಸಲ ಬಿಡದೆ 10 ಸೆಕೆಂಡು ನಿಂತ ಮೇಲೆಯೇ ಮುಂದಿನದಕ್ಕೆ ಹೋಗಿ.

ಹೆಚ್ಚಿನವರು ಎಡವುವುದು ಕೈಯ ವಿಷಯದಲ್ಲಿ. ಕುರ್ಚಿಯನ್ನು ಬಿಗಿಯಾಗಿ ಹಿಡಿದು ಒಂಟಿ ಕಾಲಲ್ಲಿ ಎರಡು ನಿಮಿಷ ನಿಂತರೆ ಕೆಲಸ ಮಾಡಿದ್ದು ತೋಳು, ಕಾಲಲ್ಲ. ಹಾಗೆಂದು ಒಮ್ಮೆಲೇ ಕೈ ಬಿಡಿಸುವುದೂ ತಪ್ಪು. ಮೊದಲು ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು, ಆಮೇಲೆ ಒಂದೇ ಬೆರಳ ತುದಿ, ಕಡೆಗೆ ಕುರ್ಚಿಯ ಮೇಲೆ ತಾಗದಂತೆ ತೇಲಿಸಿದ ಕೈ. ಬೆರಳ ತುದಿಯ ಸ್ಪರ್ಶಕ್ಕೆ ತನ್ನದೇ ಬೆಲೆಯಿದೆ. ಸುಮಾರು 100 ಗ್ರಾಂ ತೂಕದಷ್ಟೂ ಒತ್ತಡ ಹಾಕದೆ ಸುಮ್ಮನೆ ಮುಟ್ಟಿದರೂ ದೇಹದ ಓಲಾಟ ಕಡಿಮೆಯಾಗುವುದನ್ನು 1990ರ ದಶಕದ ಪ್ರಯೋಗಗಳು ಅಳೆದು ತೋರಿಸಿವೆ. ಅಷ್ಟು ಹಗುರ ಸ್ಪರ್ಶ ದೇಹವನ್ನು ಎತ್ತಿ ಹಿಡಿಯಲಾರದು. ಯಾವ ಕಡೆ ವಾಲುತ್ತಿದ್ದೇವೆ ಎಂಬ ಸುದ್ದಿಯನ್ನಷ್ಟೇ ಅದು ಮಿದುಳಿಗೆ ಮುಟ್ಟಿಸುತ್ತದೆ, ಸರಿಪಡಿಸುವ ಕೆಲಸವನ್ನು ಕಾಲಿಗೇ ಬಿಡುತ್ತದೆ.

ಒಂಟಿ ಕಾಲಲ್ಲಿ ನಿಂತಾಗ ಬರಿಗಾಲನ್ನು ಹತ್ತಿರದಿಂದ ನೋಡಿ. ಪಾದದ ಮೇಲ್ಭಾಗದ ನರದಂಥ ಸ್ನಾಯುರಜ್ಜುಗಳು ಒಂದಾದ ಮೇಲೊಂದು ಎದ್ದು ಇಳಿಯುತ್ತಿರುತ್ತವೆ, ಹೆಬ್ಬೆರಳು ನೆಲ ಒತ್ತಿ ಬಿಡುತ್ತಿರುತ್ತದೆ. ಈ ಚಡಪಡಿಕೆಯೇ ಕಲಿಕೆ. ಪಾದ ಕಲ್ಲಿನಂತೆ ಅಲುಗಾಡದೆ ಇದ್ದರೆ ಅಭ್ಯಾಸ ತೀರಾ ಸುಲಭವಾಗಿದೆ. ಬೆರಳುಗಳೆಲ್ಲ ಮುದುರಿ ನೆಲ ಕಚ್ಚಿದ್ದರೆ, ಉಸಿರು ಬಿಗಿಹಿಡಿದಿದ್ದರೆ ತೀರಾ ಕಷ್ಟವಾಗಿದೆ, ಒಂದು ಹಂತ ಹಿಂದೆ ಬನ್ನಿ.

ಜೊತೆಗೆ ಕುರ್ಚಿಯಿಂದ ಏಳುವ ಅಭ್ಯಾಸ 10 ಸಲ. ಕೂರುವಾಗ ಮೂರು ಎಣಿಸುತ್ತಾ ನಿಧಾನ ಇಳಿಯಬೇಕು. ದೊಪ್ಪನೆ ಕೂತರೆ ತೊಡೆಗೆ ಸಿಗಬೇಕಾದ ಅರ್ಧ ಕೆಲಸ ತಪ್ಪಿತು. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮನೆ ವ್ಯಾಯಾಮದ ಕ್ರಮದಲ್ಲಿ ಶಕ್ತಿ ಮತ್ತು ಸಮತೋಲನಕ್ಕೆ ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಕೊಡುತ್ತಾರೆ, ನಡಿಗೆಗೆ ಬೇರೆ ದಿನಗಳಿವೆ. ನಿಮ್ಮ ತಂದೆಗೂ ಅದೇ ಲೆಕ್ಕ ಹಿಡಿಯಿರಿ. ತಿರುಗುವಾಗಲೇ ಬೀಳುವುದರಿಂದ ತಿರುಗುವುದನ್ನೇ ಅಭ್ಯಾಸ ಮಾಡಿಸಬೇಕು: ಪಾದ ತಿರುಚದೆ, ಒಂದೊಂದೇ ಹೆಜ್ಜೆ ಎತ್ತಿಟ್ಟು ಗಡಿಯಾರದ ಮುಳ್ಳಿನ ಹಾಗೆ ಸುತ್ತು ಬರುವುದು, ಆಮೇಲೆ ಎದುರು ದಿಕ್ಕಿಗೆ. ಕಣ್ಣು ಮುಚ್ಚಿ ಮಾಡುವ ಅಭ್ಯಾಸ ಒಬ್ಬರೇ ಇದ್ದಾಗ ಎಂದೂ ಬೇಡ.

ಎರಡು ಸಲ ಬಿದ್ದವರನ್ನು ವೈದ್ಯರಿಗೆ ತೋರಿಸದೆ ಇರಬಾರದು. ಮಲಗಿದ್ದಾಗಿನ ಬಿಪಿಗೂ ಎದ್ದು ನಿಂತ ಮೂರು ನಿಮಿಷದೊಳಗಿನ ಬಿಪಿಗೂ ಮೇಲಿನ ಅಂಕಿಯಲ್ಲಿ 20ರಷ್ಟೋ ಕೆಳಗಿನದರಲ್ಲಿ 10ರಷ್ಟೋ ಇಳಿಕೆ ಇದ್ದರೆ ಬೀಳುವುದಕ್ಕೆ ಬೇರೆಯೇ ಕಾರಣ ಇರಬಹುದು. ನಿದ್ರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮರೆಯದೆ ಹೇಳಿ.

ಪ್ರಶ್ನೆ: ಅಮ್ಮನಿಗೆ ಬೀಳುವ ಅಪಾಯ ಎಷ್ಟಿದೆ ಎಂದು ಮನೆಯಲ್ಲೇ ಅಳೆಯಬಹುದೇ?

ಉತ್ತರ: ಒಂದು ಮಟ್ಟಿಗೆ ಅಳೆಯಬಹುದು. ಕೈಗಳಿರುವ ಕುರ್ಚಿ, ನೆಲದ ಮೇಲೆ ಕುರ್ಚಿಯಿಂದ 3 ಮೀಟರ್ ದೂರಕ್ಕೆ ಅಂಟಿಸಿದ ಒಂದು ಪಟ್ಟಿ, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಕು. ‘ಹೊರಡಿ’ ಎಂದ ಕ್ಷಣದಿಂದ ಎದ್ದು, ಪಟ್ಟಿಯವರೆಗೆ ನಡೆದು, ತಿರುಗಿ ಬಂದು, ಪೂರ್ತಿ ಕೂರುವವರೆಗಿನ ಸಮಯ ನೋಡಿ. ದಿನಾ ಹಾಕುವ ಚಪ್ಪಲಿ ಇರಲಿ. ಕೋಲು ಹಿಡಿಯುವವರು ಹಿಡಿದೇ ನಡೆಯಲಿ. 1991ರಿಂದ ಬಳಕೆಯಲ್ಲಿರುವ ಪರೀಕ್ಷೆ ಇದು. ಹಿರಿಯರಿಗೆ 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಎಚ್ಚರ ವಹಿಸಬೇಕು ಎಂಬುದು ಒಂದು ಪ್ರಚಲಿತ ಅಳತೆ.

ಸಾಮಾನ್ಯ ತಪ್ಪೆಂದರೆ ‘ಬೇಗ ಬೇಗ’ ಎಂದು ಹುರಿದುಂಬಿಸುವುದು. ಅವರ ಎಂದಿನ ವೇಗವೇ ಬೇಕು. ಮೊದಲ ಸಲದ್ದನ್ನು ಅಭ್ಯಾಸವೆಂದು ಬಿಟ್ಟು, ಎರಡನೆಯ ಸಲದ್ದನ್ನು ಬರೆದಿಟ್ಟುಕೊಳ್ಳಿ.

ಸೆಕೆಂಡಿಗಿಂತ ನೋಡಿದ್ದು ಹೆಚ್ಚು ಹೇಳುತ್ತದೆ. ಏಳಲು ಎರಡು ಮೂರು ಸಲ ಮುಂದಕ್ಕೆ ಜೀಕಿದರೆ ತೊಡೆಯಲ್ಲಿ ಬಲ ಸಾಲದು. ತಿರುಗುವಾಗ ಪುಟ್ಟ ಪುಟ್ಟ ಹೆಜ್ಜೆಗಳಾಗಿ ಒಡೆದರೆ ತೊಂದರೆ ಇರುವುದು ತಿರುವಿನಲ್ಲಿ. ನಡೆಯುವಾಗ ಮಾತನಾಡಿಸಿದರೆ ನಿಂತುಬಿಡುತ್ತಾರೆಯೇ ಎಂಬುದನ್ನು ಪರೀಕ್ಷೆಯ ಆಚೆಗೆ, ಬೇರೆ ಹೊತ್ತಿನಲ್ಲಿ ಗಮನಿಸಿ. ಮಾತಿಗೆ ನಿಲ್ಲುವ ಹಿರಿಯರಲ್ಲಿ ಬೀಳುವವರು ಹೆಚ್ಚು ಎಂದು 1997ರಲ್ಲೇ ಸ್ವೀಡನ್ನಿನ ಸಂಶೋಧಕರು ಗುರುತಿಸಿದ್ದರು. ನಡಿಗೆಗೇ ಪೂರ್ತಿ ಗಮನ ಬೇಕಾಗುತ್ತಿದೆ ಎಂಬುದರ ಗುರುತು ಅದು.

ಪ್ರಶ್ನೆ: ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಅರ್ಧ ನಿಮಿಷ ಕೋಣೆಯೇ ತಿರುಗಿದಂತಾಗುತ್ತದೆ. ಸಮತೋಲನದ ವ್ಯಾಯಾಮ ಮಾಡಲೇ?

ಉತ್ತರ: ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ವರ್ಣನೆ ಒಳಕಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿ ಅರ್ಧವೃತ್ತ ನಾಳದೊಳಗೆ ಸೇರಿದಾಗ ಆಗುವ ತಲೆಸುತ್ತಿಗೆ ಹೊಂದುತ್ತದೆ. ತಲೆಯ ಭಂಗಿ ಬದಲಾದಾಗ ಶುರುವಾಗಿ, ಒಂದು ನಿಮಿಷದೊಳಗೆ ನಿಲ್ಲುವುದು ಅದರ ಲಕ್ಷಣ. ಅದಕ್ಕೆ ಎಪ್ಲಿ ವಿಧಾನದಂಥ, ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಹರಳನ್ನು ಹೊರಗೆ ಉರುಳಿಸುವ ಚಿಕಿತ್ಸೆ ಇದೆ. ಯಾವ ಕಿವಿ, ಯಾವ ನಾಳ ಎಂದು ಗೊತ್ತಾಗದೆ ವಿಡಿಯೊ ನೋಡಿ ಮಾಡಿಕೊಂಡರೆ ಪ್ರಯೋಜನವಾಗದೆ ಹೋಗಬಹುದು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಬದಿ ಸೋತರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ವಾಲಿಬಾಲ್ ಆಡುತ್ತೇನೆ. ಎರಡು ವರ್ಷದಲ್ಲಿ ಅದೇ ಕಾಲು ಮೂರು ಸಲ ಉಳುಕಿದೆ. ನೋವು ಪೂರ್ತಿ ಹೋದ ಮೇಲೇ ಆಟಕ್ಕೆ ಇಳಿದಿದ್ದೆ.

ಉತ್ತರ: ನೋವು ಹೋದದ್ದು ನಿಜ, ಕಾಲು ಮೊದಲಿನಂತಾದದ್ದು ನಿಜವಲ್ಲ. ಪಾದ ಒಳಕ್ಕೆ ಮಗುಚಿದಾಗ ಹೊರಬದಿಯ ಲಿಗಮೆಂಟ್‌ಗೆ, ಅಂದರೆ ಎಲುಬಿಗೆ ಎಲುಬನ್ನು ಬಿಗಿದಿಡುವ ಪಟ್ಟಿಗೆ, ಪೆಟ್ಟಾಗುತ್ತದೆ. ಕೀಲು ಎಷ್ಟು ತಿರುಗಿದೆ ಎಂಬ ಅರಿವೂ ಮಂಕಾಗುತ್ತದೆ. ಮುಂದಿನ ಸಲ ಪಾದ ಮಗುಚುವಾಗ ಕಾಲಿನ ಹೊರಬದಿಯ ಸ್ನಾಯುಗಳು ತಡೆಯಲು ತಡಮಾಡುತ್ತವೆ.

2009ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪಾದ ಉಳುಕಿದ್ದ 522 ಆಟಗಾರರ ಮೇಲೆ ನಡೆದ ಪ್ರಯೋಗ ನಿಮಗೆ ನೇರ ಉತ್ತರ ಕೊಡುತ್ತದೆ. ಎಂದಿನ ಚಿಕಿತ್ಸೆಯ ಜೊತೆ 8 ವಾರ, ವಾರಕ್ಕೆ ಮೂರು ಸಲ ಮನೆಯಲ್ಲೇ ಸಮತೋಲನದ ಅಭ್ಯಾಸ ಮಾಡಿದವರಲ್ಲಿ ವರ್ಷದೊಳಗೆ ಮತ್ತೆ ಉಳುಕಿದ್ದು ಶೇ 22 ಮಂದಿಗೆ, ಮಾಡದವರಲ್ಲಿ ಶೇ 33 ಮಂದಿಗೆ.

ಬರಿಗಾಲಲ್ಲಿ, ಮಂಡಿ ತುಸು ಬಗ್ಗಿಸಿ ಒಂಟಿ ಕಾಲಲ್ಲಿ 30 ಸೆಕೆಂಡು ನಿಲ್ಲುವುದರಿಂದ ಆರಂಭಿಸಿ. ಅಲುಗಾಡದೆ ನಿಂತರೆ ಹಾಗೇ ನಿಂತು ಗೋಡೆಗೆ ಚೆಂಡೆಸೆದು ಹಿಡಿಯಿರಿ, ಕಣ್ಣು ಪಾದದಿಂದ ಮೇಲೇಳಬೇಕು. ಅನಂತರ ಓಲಾಡುವ ಬ್ಯಾಲೆನ್ಸ್ ಬೋರ್ಡ್, ಕಡೆಯದಾಗಿ ಒಂಟಿ ಕಾಲಲ್ಲಿ ಜಿಗಿದು ಅದೇ ಕಾಲಿನ ಮೇಲೆ ಇಳಿದು ಮೂರು ಎಣಿಸುವವರೆಗೆ ಅಲ್ಲೇ ನಿಲ್ಲುವುದು. ಕನ್ನಡಿ ಎದುರಿಗಿರಲಿ: ಇಳಿದಾಗ ಮಂಡಿ ಒಳಕ್ಕೆ ವಾಲುತ್ತಿದ್ದರೆ ಜಿಗಿತದ ಎತ್ತರ ಇಳಿಸಿ. ಬೋರ್ಡ್ ಮೇಲೆ ಚೆನ್ನಾಗಿ ನಿಲ್ಲುತ್ತೀರೆಂದು ಜಿಗಿತದ ಹಂತ ಬಿಡಬೇಡಿ. ವಾಲಿಬಾಲ್‌ನಲ್ಲಿ ಪಾದ ಮಗುಚುವುದು ನೆಟ್ ಪಕ್ಕದಲ್ಲಿ ಜಿಗಿದು ಇಳಿಯುವಾಗ, ಬಹಳ ಸಲ ಇನ್ನೊಬ್ಬರ ಪಾದದ ಮೇಲೆ ಇಳಿದು.

ಮುಂದೆಂದಾದರೂ ಉಳುಕಿದಾಗ ನಾಲ್ಕು ಹೆಜ್ಜೆಯೂ ಊರಲು ಆಗದಿದ್ದರೆ, ಅಥವಾ ಹರಡಿನ ಎಲುಬನ್ನೇ ಒತ್ತಿದಾಗ ನೋವಾದರೆ, ಅಭ್ಯಾಸದ ಮಾತು ಆಮೇಲೆ. ಮೊದಲು ಎಕ್ಸ್‌ರೇ ಬೇಕೇ ಎಂದು ವೈದ್ಯರು ನೋಡಲಿ.