ದೊಡ್ಡ ಎಬಿಸಿಡಿ, ಚಿಕ್ಕ ಎಬಿಸಿಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಆನ್‌ಲೈನ್‌ನಲ್ಲಿ ಬೇರೆ ಬೇರೆ ದೇಶದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದೇ ಬ್ಯಾಚಿನಲ್ಲಿ ಅರಬ್ಬಿ, ಸ್ಪ್ಯಾನಿಷ್, ಜರ್ಮನ್ ಮಾತಾಡುವವರು ಇದ್ದಾರೆ. ಕ್ಯಾಪಿಟಲ್ ಲೆಟರ್ ಎಲ್ಲೆಲ್ಲಿ ಬರುತ್ತದೆ ಅಂತ ಹದಿನೈದು ನಿಯಮಗಳ ಪಟ್ಟಿ ಕೊಟ್ಟೆ. ಎಲ್ಲರೂ ಬಾಯಿಪಾಠ ಮಾಡಿದರು. ಬರೆಯುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ತಪ್ಪು. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಒಬ್ಬೊಬ್ಬರದು ಒಂದೊಂದು ತಪ್ಪು ಅಂದಿರಲ್ವಾ? ಹಾಗಿದ್ದ ಮೇಲೆ ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟರೆ ಹೇಗೆ ನಡೆಯುತ್ತದೆ? ಅವರವರ ತಪ್ಪು ಅವರವರ ಭಾಷೆಯಿಂದ ಬರುತ್ತಿದೆ.

ಅರಬ್ಬಿ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅನ್ನೋದೇ ಇಲ್ಲ. ಕನ್ನಡದಲ್ಲೂ ಇಲ್ಲ. ಹೀಬ್ರೂ, ಥಾಯ್, ಚೀನಿ, ಜಪಾನಿ, ಕೊರಿಯನ್ ಬರವಣಿಗೆಯಲ್ಲೂ ಇಲ್ಲ. ಈ ಭಾಷೆಗಳಿಂದ ಬಂದವರಿಗೆ ಬರೆಯುತ್ತಾ ಬರೆಯುತ್ತಾ ‘ಇದು ಹೆಸರಾ, ಅಲ್ವಾ’ ಅಂತ ಯೋಚಿಸುವುದೇ ಹೊಸ ಕೆಲಸ, ಅದಕ್ಕೇ ಅವರು ಕ್ಯಾಪಿಟಲ್ ಹಾಕುವುದನ್ನು ಮರೆಯುತ್ತಾರೆ. ಸ್ಪ್ಯಾನಿಷ್‌ನವರಿಗೆ ಕ್ಯಾಪಿಟಲ್ ಗೊತ್ತು. ಆದರೆ ಅವರಲ್ಲಿ ವಾರ, ತಿಂಗಳು, ಭಾಷೆಯ ಹೆಸರು ಎಲ್ಲವೂ ಸ್ಮಾಲ್ ಲೆಟರಿನಲ್ಲೇ. ಸೋಮವಾರಕ್ಕೆ ‘ಲೂನೆಸ್’, ಜನವರಿಗೆ ‘ಎನೆರೊ’, ಎರಡಕ್ಕೂ ಚಿಕ್ಕಕ್ಷರವೇ. ಅವರು ‘ಮಂಡೇ’ ಪದವನ್ನು ಸ್ಮಾಲ್ ಎಂ ಹಾಕಿ ಬರೆದರೆ ಅದು ಮರೆವಲ್ಲ, ಚೆನ್ನಾಗಿ ಕಲಿತ ಇನ್ನೊಂದು ನಿಯಮ. ಜರ್ಮನ್‌ನವರದು ಇದಕ್ಕೆ ತಿರುಗುಮುರುಗು. ಅವರಲ್ಲಿ ನಾಯಿ, ಮೇಜು, ಬ್ರೆಡ್ಡು, ಪ್ರೀತಿ, ಯಾವ ನಾಮಪದವೇ ಇರಲಿ, ಕ್ಯಾಪಿಟಲ್ ಬೇಕೇ ಬೇಕು. ಆದರೆ ‘ನಾನು’ ಅನ್ನೋ ಪದ ವಾಕ್ಯದ ನಡುವೆ ಬಂದರೆ ಸ್ಮಾಲ್, ಗೌರವದ ‘ನೀವು’ ಮಾತ್ರ ಯಾವಾಗಲೂ ಕ್ಯಾಪಿಟಲ್.

ಹಾಗಾಗಿ ಮೊದಲ ಕ್ಲಾಸಿನಲ್ಲಿ ಹತ್ತು ನಿಮಿಷ ತೆಗೆದಿಡಿ. ಇವತ್ತಿನ ವಾರ, ತಾರೀಕು, ತಮ್ಮ ಊರು, ತಮ್ಮ ಭಾಷೆ, ಮನೆಯಲ್ಲಿರುವ ನಾಲ್ಕು ವಸ್ತು, ಇಷ್ಟನ್ನು ಎಲ್ಲರೂ ಅವರವರ ಭಾಷೆಯಲ್ಲೇ ಬರೆಯಲಿ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ನೀವು ಬರೆಯಿರಿ. ಯಾರಿಗೆ ಏನು ಹೇಳಿಕೊಡಬೇಕು ಅನ್ನೋದು ಆಗಲೇ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದೇ ಇಲ್ಲ. ನನ್ನ ಹತ್ತಿರ ಕಲಿಯುತ್ತಿದ್ದ ಅರಬ್ಬಿ ಮಾತಾಡುವ ಒಬ್ಬ ಹುಡುಗಿ ವಾಕ್ಯದ ನಡುವೆ ‘ಸ್ಕೂಲ್’ ಅಂತ ಬರೆದಾಗಲೆಲ್ಲ ಎಸ್ ಅಕ್ಷರ ಅದೇ ಪದದ ಎಚ್‌ನಷ್ಟೇ ಎತ್ತರಕ್ಕೆ ನಿಲ್ಲುತ್ತಿತ್ತು. ನಾನು ಮೂರು ವಾರ ಕೆಂಪು ಶಾಯಿಯಲ್ಲಿ ಅದಕ್ಕೆ ಸುತ್ತು ಹಾಕಿದೆ. ನಿಯಮ ಕೇಳಿದರೆ ತಪ್ಪಿಲ್ಲದೆ ಹೇಳುತ್ತಿದ್ದಳು. ಒಂದು ದಿನ ಪಕ್ಕದಲ್ಲಿ ಕೂತು ಅವಳು ಬರೆಯುವುದನ್ನು ನೋಡಿದೆ. ಅವಳ ಪ್ರಕಾರ ಅದು ಸ್ಮಾಲ್ ಎಸ್ಸೇ! ಪೆನ್ನನ್ನು ಮೇಲಿನ ಗೆರೆಯಿಂದ ಶುರು ಮಾಡುತ್ತಿದ್ದಳು, ಅಷ್ಟೇ. ಗೊತ್ತಿರುವುದನ್ನೇ ಗೊತ್ತಿಲ್ಲ ಅಂತ ಅಷ್ಟು ದಿನ ಅವಳಿಗೆ ಹೇಳುತ್ತಿದ್ದೆನಲ್ಲ ಅಂತ ನನಗೆ ತುಂಬಾ ಬೇಜಾರಾಯಿತು. ಸಿ, ಓ, ಎಸ್, ವಿ, ಡಬ್ಲ್ಯೂ, ಎಕ್ಸ್, ಝಡ್, ಈ ಏಳು ಅಕ್ಷರಗಳಿಗೆ ದೊಡ್ಡದಕ್ಕೂ ಚಿಕ್ಕದಕ್ಕೂ ಆಕಾರ ಒಂದೇ, ಗಾತ್ರ ಮಾತ್ರ ಬೇರೆ. ನಾಲ್ಕು ಗೆರೆಯ ಕಾಪಿ ಪುಸ್ತಕ ಕೊಟ್ಟು ಈ ಏಳನ್ನೇ ಜಾಸ್ತಿ ಬರೆಸಿ. ದೊಡ್ಡವರಿಗೂ ಕೊಡಿ, ಸಂಕೋಚ ಬೇಡ. ಅವಳ ಅಕ್ಷರ ಹತ್ತು ದಿನದಲ್ಲಿ ಸರಿಹೋಯಿತು.

ಇನ್ನು ನಿಯಮಗಳು. ಹದಿನೈದನ್ನೂ ಒಟ್ಟಿಗೆ ಕೊಡಬೇಡಿ. ವಾಕ್ಯದ ಮೊದಲ ಅಕ್ಷರ, ‘ಐ’, ಜನರ ಮತ್ತು ಊರಿನ ಹೆಸರು, ವಾರ ಮತ್ತು ತಿಂಗಳು. ಶುರುವಿಗೆ ಇಷ್ಟು ಸಾಕು, ಇದು ಕೈಗೆ ಕೂರುವ ತನಕ ಮುಂದೆ ಹೋಗಬೇಡಿ.

ಆಮೇಲೆ ಬರುವುದು ನಿಜವಾಗಿ ಕಷ್ಟದ ಭಾಗ, ಇಲ್ಲಿ ನಮ್ಮ ಕನ್ನಡ ವ್ಯಾಕರಣ ನಿಮಗೆ ಕೈಹಿಡಿಯುತ್ತದೆ. ರೂಢನಾಮ, ಅಂಕಿತನಾಮ ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆಯಾ? ನದಿ ಅನ್ನೋದು ರೂಢನಾಮ, ನೈಲ್ ಅನ್ನೋದು ಅಂಕಿತನಾಮ. ಇಂಗ್ಲಿಷಿನ ಕ್ಯಾಪಿಟಲ್ ಹೆಚ್ಚುಕಡಿಮೆ ಈ ಅಂಕಿತನಾಮದ ಗುರುತು. ಸುಮ್ನೆ ‘ರಿವರ್’ ಅಂದರೆ ಸ್ಮಾಲ್, ‘ನೈಲ್ ರಿವರ್’ ಅಂದಾಗ ಆ ‘ರಿವರ್’ ಕೂಡ ಹೆಸರಿನೊಳಗೆ ಸೇರಿತು, ಅದಕ್ಕೂ ಕ್ಯಾಪಿಟಲ್. ‘ಮೈ ಫಾದರ್’ ಅಂದರೆ ಸ್ಮಾಲ್ ಎಫ್, ಅದೇ ‘ಫಾದರ್’ ಅಂತ ಹೆಸರಿನ ಬದಲು ಕರೆದರೆ ಕ್ಯಾಪಿಟಲ್. ‘ಪ್ರೆಸಿಡೆಂಟ್ ಲಿಂಕನ್’ ಅಂದರೆ ಕ್ಯಾಪಿಟಲ್, ‘ಎ ಪ್ರೆಸಿಡೆಂಟ್’ ಅಂದರೆ ಯಾರೋ ಒಬ್ಬ ಅಧ್ಯಕ್ಷ, ಸ್ಮಾಲ್. ‘ಇದು ಅಂಕಿತನಾಮವಾ, ರೂಢನಾಮವಾ?’ ಅಂತ ಒಂದೇ ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಿ.

ಅರ್ಥ ಬದಲಾಗುವ ಜೋಡಿಗಳನ್ನು ಇಟ್ಟುಕೊಂಡರೆ ಕ್ಲಾಸ್ ರಂಗೇರುತ್ತದೆ. ಚೈನಾ ದೇಶ ಕ್ಯಾಪಿಟಲ್, ಪಿಂಗಾಣಿ ಅನ್ನೋ ಅರ್ಥದ ಚೈನಾ ಸ್ಮಾಲ್. ತಿಂಗಳಾದರೆ ಮಾರ್ಚ್ ಕ್ಯಾಪಿಟಲ್, ಸಿಪಾಯಿಗಳು ಮಾಡುವ ಮಾರ್ಚ್ ಸ್ಮಾಲ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೋಲೆಂಡ್ ದೇಶದ್ದು ಅನ್ನೋ ಅರ್ಥದ ‘ಪೋಲಿಶ್’ ಮತ್ತು ಬೂಟಿಗೆ ಹಚ್ಚುವ ‘ಪಾಲಿಶ್’. ಸ್ಪೆಲಿಂಗ್ ಒಂದೇ, ಮೊದಲ ಅಕ್ಷರ ದೊಡ್ಡದಾದರೆ ಉಚ್ಚಾರಣೆಯೂ ಬೇರೆಯಾಗುತ್ತದೆ!

ಆದರೆ ಎಲ್ಲದಕ್ಕೂ ಕಾರಣ ಹುಡುಕಲು ಹೋಗಬೇಡಿ. ವಾರಕ್ಕೂ ತಿಂಗಳಿಗೂ ಕ್ಯಾಪಿಟಲ್ ಇರುವಾಗ ‘ಸಮ್ಮರ್’, ‘ವಿಂಟರ್’ಗೆ ಯಾಕಿಲ್ಲ ಅಂತ ಕೇಳೇ ಕೇಳುತ್ತಾರೆ. ರೂಢಿ ಹಾಗಿದೆ ಅಂತ ನೇರವಾಗಿ ಹೇಳಿಬಿಡಿ. ‘ಹಿಸ್ಟರಿ’ ಸ್ಮಾಲ್, ‘ಇಂಗ್ಲಿಷ್’ ಕ್ಯಾಪಿಟಲ್ ಅನ್ನೋದಕ್ಕೆ ಮಾತ್ರ ಉತ್ತರ ಇದೆ: ಒಂದು ಓದುವ ವಿಷಯ, ಇನ್ನೊಂದು ಭಾಷೆಯ ಹೆಸರು.

ಪ್ರಶ್ನೆ: ‘ಐ’ ಯಾವಾಗಲೂ ಕ್ಯಾಪಿಟಲ್ ಯಾಕೆ, ಇಂಗ್ಲಿಷರಿಗೆ ತಾವೇ ದೊಡ್ಡವರು ಅನ್ನೋ ಭಾವನೆಯಾ ಅಂತ ವಿದ್ಯಾರ್ಥಿಯೊಬ್ಬರು ಕೇಳಿದರು. ಏನು ಹೇಳಲಿ?

ಉತ್ತರ: ಹಾಗಿದ್ದಿದ್ದರೆ ‘ಮಿ’, ‘ಮೈ’ ಕೂಡ ಕ್ಯಾಪಿಟಲ್ ಆಗಬೇಕಿತ್ತಲ್ಲ! ಹಳೆಯ ಇಂಗ್ಲಿಷಿನಲ್ಲಿ ‘ನಾನು’ ಅನ್ನೋದಕ್ಕೆ ‘ಇಚ್’ ಅನ್ನುತ್ತಿದ್ದರು. ಬರುಬರುತ್ತಾ ಅದು ಸವೆದು ಒಂದೇ ಅಕ್ಷರ ಉಳಿಯಿತು. ಕೈಬರಹದ ಪುಟದಲ್ಲಿ ಒಂಟಿ ಸ್ಮಾಲ್ ಐ ಒಂದು ಪುಟ್ಟ ಗೀಟು ಅಷ್ಟೇ, ಪಕ್ಕದ ಪದದ ಗೀಟುಗಳ ಜೊತೆ ಸೇರಿ ಕಳೆದುಹೋಗುತ್ತಿತ್ತು. ಅದಕ್ಕೇ ಲಿಪಿಕಾರರು ಅದನ್ನು ಎತ್ತರಕ್ಕೆ ಬರೆಯತೊಡಗಿದರು. ಕಣ್ಣಿಗೆ ಕಾಣಲಿ ಅಂತ ಆದ ಏರ್ಪಾಡು ಅದು.

ಈ ನಿಯಮಗಳು ಕಾಲಕಾಲಕ್ಕೆ ಬದಲಾಗಿವೆ ಅನ್ನೋದನ್ನೂ ಹೇಳಿ, ಕಲಿಯುವವರಿಗೆ ಧೈರ್ಯ ಬರುತ್ತದೆ. 1787ರ ಅಮೆರಿಕದ ಸಂವಿಧಾನದ ಕೈಬರಹದ ಪ್ರತಿಯಲ್ಲಿ ಜರ್ಮನ್ ಥರ ಸಾಮಾನ್ಯ ನಾಮಪದಗಳಿಗೂ ಕ್ಯಾಪಿಟಲ್ ಇದೆ. ಡೇನಿಶ್ ಭಾಷೆಯಲ್ಲೂ ಎಲ್ಲ ನಾಮಪದಕ್ಕೂ ಕ್ಯಾಪಿಟಲ್ ಇತ್ತು, 1948ರಲ್ಲಿ ತೆಗೆದರು. ಅಂದ ಹಾಗೆ, ಟರ್ಕಿಯ ವಿದ್ಯಾರ್ಥಿ ಕ್ಯಾಪಿಟಲ್ ಐ ಮೇಲೆ ಚುಕ್ಕಿ ಇಟ್ಟರೆ ಗದರಬೇಡಿ. ಅವರ ಭಾಷೆಯಲ್ಲಿ ಚುಕ್ಕಿ ಇರುವ ಐ, ಇಲ್ಲದ ಐ ಎರಡು ಬೇರೆ ಅಕ್ಷರಗಳು.

ಪ್ರಶ್ನೆ: ‘ಇಂಟರ್ನೆಟ್’ ಪದಕ್ಕೆ ಕ್ಯಾಪಿಟಲ್ ಬೇಕಾ? ಒಂದೊಂದು ಕಡೆ ಒಂದೊಂದು ರೀತಿ ಇದೆ.

ಉತ್ತರ: ಮೊದಲು ಬೇಕು ಅನ್ನುತ್ತಿದ್ದರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2016ರಲ್ಲಿ ಸ್ಮಾಲ್ ಮಾಡಿತು. ಈಗ ಸ್ಮಾಲ್ ಬರೆದರೆ ತಪ್ಪಿಲ್ಲ. ಒಂದೇ ಬರಹದಲ್ಲಿ ಎರಡೂ ಬೆರೆಸಬೇಡಿ.

ಪ್ರಶ್ನೆ: ಫೋನೇ ಕ್ಯಾಪಿಟಲ್ ಹಾಕಿಕೊಡುವಾಗ ಇದನ್ನೆಲ್ಲ ಕಲಿಸುವುದು ಬೇಕಾ?

ಉತ್ತರ: ಬೇಕು. ಫುಲ್‌ಸ್ಟಾಪ್ ಆದ ಮೇಲೆ, ಒಂಟಿ ಐ ಬಂದಾಗ ಫೋನ್ ಸರಿಯಾಗಿ ಹಾಕುತ್ತದೆ, ನಿಜ. ಆದರೆ ನೀವು ಹೇಳಹೊರಟದ್ದು ದೇಶವಾ, ಪಿಂಗಾಣಿಯಾ ಅಂತ ಅದು ಎಷ್ಟೋ ಸಲ ತಪ್ಪಾಗಿ ಊಹಿಸುತ್ತದೆ. ಕೈಯಲ್ಲಿ ಬರೆಯುವ ಪರೀಕ್ಷೆಯಲ್ಲಿ ಫೋನಂತೂ ಜೊತೆಗಿರುವುದಿಲ್ಲ. ಎಷ್ಟೋ ಜನ ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಮೆಸೇಜ್ ಮಾಡಿರುತ್ತಾರೆ, ಒಂದು ಕ್ಯಾಪಿಟಲ್ಲನ್ನೂ ತಾವಾಗಿ ಹಾಕಿರುವುದಿಲ್ಲ.

ನಾನು ಮಾಡಿಸುವುದು ಇಷ್ಟು. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಆಟೋ ಕ್ಯಾಪಿಟಲ್ ಆಫ್ ಮಾಡಿಸುತ್ತೇನೆ. ಎಲ್ಲ ಅಕ್ಷರವೂ ಸ್ಮಾಲ್ ಇರುವ ಆರೇಳು ಸಾಲು ಕಳಿಸುತ್ತೇನೆ, ಅದರಲ್ಲಿ ಒಂದು ಊರು, ಒಂದು ವಾರ, ಒಬ್ಬ ಡಾಕ್ಟರ್ ಹೆಸರಿನ ಜೊತೆ, ಇನ್ನೊಬ್ಬ ಡಾಕ್ಟರ್ ಹೆಸರಿಲ್ಲದೆ, ಒಂದು ಭಾಷೆ, ಒಂದು ಋತು ಇರುತ್ತವೆ. ಅವರು ತಿದ್ದಿ ಕಳಿಸಬೇಕು, ಒಂದೊಂದು ಕ್ಯಾಪಿಟಲ್ ಯಾಕೆ ಅಂತ ಬಾಯಲ್ಲಿ ಹೇಳಬೇಕು. ಹೇಳಲು ಆಗದಿದ್ದರೆ, ಸರಿಯಾಗಿದ್ದರೂ ಅದಕ್ಕೆ ಮಾರ್ಕ್ಸ್ ಇಲ್ಲ. ಜರ್ಮನ್‌ನವರಿಗೆ ಇದನ್ನೇ ತಿರುಗಿಸಿ ಕೊಡಿ: ನಾಮಪದಗಳಿಗೆಲ್ಲ ಕ್ಯಾಪಿಟಲ್ ಹಾಕಿದ ಸಾಲುಗಳು, ಜಾಸ್ತಿ ಇರುವುದನ್ನು ಅವರು ತೆಗೆಯಲಿ.