ಟೊಳ್ಳು ಗೇರ್ ಲಿವರ್, ಒಳಗಿಂದ ಎರಡು ವೈರ್: ಇದು ಓವರ್‌ಡ್ರೈವ್‌ನದ್ದು
ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಿಡಿಭಾಗಗಳ ಜೊತೆ ಸಿಕ್ಕ ಟೊಳ್ಳು ಲಿವರ್, ಗುಬುಟಿನ ಮೇಲೆ ಜಾರುವ ಗುಂಡಿ, ಕೆಳಗೆ ಎರಡು ವೈರ್ ಏನು ಅಂತ ಕೇಳಿದ್ದೀರಿ. ಅದು ರಿವರ್ಸ್ ಲಾಕ್ ಅಲ್ಲ, ಲೇಕಾಕ್ ಕಂಪನಿಯ ಓವರ್‌ಡ್ರೈವ್‌ನ (ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಸ್ವಿಚ್. ಟ್ರಯಂಫ್ ಸ್ಪಿಟ್‌ಫೈರ್ 1500ರಲ್ಲಿ ಹೀಗೇ ಇರುತ್ತದೆ. 1977ರ ಮಾದರಿಯಿಂದ ಎಂಜಿಬಿ ಎಂಬ ಇನ್ನೊಂದು ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲೂ ಸ್ವಿಚ್ ಗುಬುಟಿಗೇ ಬಂತು, ಹಾಗಾಗಿ ಬರೀ ಗುಬುಟು ನೋಡಿ ಕಾರು ಯಾವುದೆಂದು ಹೇಳಬೇಡಿ. ಲಿವರ್‌ನ ಬಾಗು, ಬುಡದ ಗುಂಡು, ಥ್ರೆಡ್ ಅಳತೆ ಮೂರನ್ನೂ ನೋಡಿ. ಥ್ರೆಡ್ ಮೆಟ್ರಿಕ್ ಅಂದುಕೊಂಡು ನಟ್ ತಿರುಗಿಸಿದರೆ ಕೆಟ್ಟಿತು.

ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ಸಂಪರ್ಕ ಇದ್ದರೆ ಬೀಪ್ ಮಾಡುವ ಸೆಟ್ಟಿಂಗ್) ಇಟ್ಟು, ಎರಡು ವೈರ್‌ಗೂ ಹಿಡಿದು ಗುಂಡಿ ಜಾರಿಸಿ: ಒಂದು ಕಡೆ ಬೀಪ್, ಇನ್ನೊಂದು ಕಡೆ ಮೌನ. ಆಮೇಲೆ ಪ್ರತಿ ವೈರ್‌ಗೂ ಲಿವರ್‌ನ ಲೋಹಕ್ಕೂ ನಡುವೆ ನೋಡಿ. ಅಲ್ಲಿ ಬೀಪ್ ಬರಲೇಬಾರದು. ವೈರ್ ಹೊರಬರುವ ತೂತಿನ ಅಂಚಿನಲ್ಲೇ ಹೆಚ್ಚಾಗಿ ಇನ್ಸುಲೇಷನ್ ಸವೆದು ಶಾರ್ಟ್ ಆಗುವುದು. ಪ್ರತಿ ಗೇರಿಗೂ ಅಲ್ಲೇ ಉಜ್ಜುತ್ತದಲ್ಲ. ಅಂಚಿಗೆ ಅರ ಹಾಕಿ, ತೆಳು ಮಲ್ಟಿಸ್ಟ್ರ್ಯಾಂಡ್ ವೈರ್ ಎಳೆದು, ಹೀಟ್ ಶ್ರಿಂಕ್ ತೊಡಿಸಿ, ಕೆಳಗೆ ಸ್ವಲ್ಪ ಸಡಿಲ ಬಿಡಿ.

ಹಳೇ ಡಿ-ಟೈಪ್ ಓವರ್‌ಡ್ರೈವ್‌ಗೆ ಇದನ್ನು ನೇರ ಜೋಡಿಸಬೇಡಿ. ಅದರ ಸೊಲೆನಾಯ್ಡ್ (ಓವರ್‌ಡ್ರೈವ್ ಹಾಕುವ ವಿದ್ಯುತ್ಕಾಂತ) ಎಳೆಯುವ ಕರೆಂಟಿಗೆ ಈ ಪುಟ್ಟ ಸ್ವಿಚ್ ಸುಟ್ಟೇಹೋಗುತ್ತದೆ, ನಡುವೆ ಆ ಕರೆಂಟನ್ನು ಹೊರುವ ರಿಲೇ ಬೇಕು.